ಮಣ್ಣು ಬೇಡ, ನೀರು ಬೇಕು: ಏರ್ ಪ್ಲಾಂಟ್ ಯಾಕೆ ಸಾಯುತ್ತೆ, ಹೇಗೆ ಬದುಕುತ್ತೆ?

ಹೋದ ಸಂಚಿಕೆ ಎಸ್‌ಐಪಿ ಬಗ್ಗೆ ಇತ್ತು, ನೆನಪಿರಬಹುದು. ಅದರ ವಿಡಿಯೋ ಕ್ಲಿಪ್ಪಲ್ಲಿ ನನ್ನ ಮೈಕ್ ಪಕ್ಕ ಒಂದು ತೆಂಗಿನ ಕರಟದ ಮೇಲೆ ಬೂದುಬಣ್ಣದ ಪುಟ್ಟ ಗಿಡ ಕೂತಿತ್ತು. ಆಮೇಲೆ ಬಂದ ಮೆಸೇಜುಗಳಲ್ಲಿ ಮ್ಯೂಚುವಲ್ ಫಂಡ್ ಬಗ್ಗೆ ಕೇಳಿದವರಿಗಿಂತ ಆ ಗಿಡದ ಬಗ್ಗೆ ಕೇಳಿದವರೇ ಜಾಸ್ತಿ. "ಅದು ಪ್ಲಾಸ್ಟಿಕ್ಕಾ?" ಅಂತ ಒಬ್ಬರು. "ಮಣ್ಣೇ ಇಲ್ಲವಲ್ಲ, ಹೇಗೆ ಬದುಕಿದೆ?" ಅಂತ ಇನ್ನೊಬ್ಬರು. ಒಬ್ಬರು ಮಾತ್ರ ಬೇರೆ ಥರ ಬರೆದಿದ್ರು: "ನಾನೂ ತಂದಿದ್ದೆ. ಮೂರು ತಿಂಗಳಲ್ಲಿ ಸತ್ತುಹೋಯ್ತು. ಏನು ತಪ್ಪು ಮಾಡಿದೆ ಅಂತ ಇವತ್ತಿಗೂ ಗೊತ್ತಿಲ್ಲ."

ಈ ಸಂಚಿಕೆ ಮುಖ್ಯವಾಗಿ ಅವರಿಗೆ. ಯಾಕಂದ್ರೆ ನಾನೂ ಎರಡು ಗಿಡ ಕೊಂದವಳು. ಕರಟದ ಮೇಲಿರೋದು ಮೂರನೆಯದು.

ನಾನಿರೋದು ಬೆಂಗಳೂರಲ್ಲಿ, ಬಾಡಿಗೆ ಮನೆಯ ಎರಡನೇ ಮಹಡಿಯಲ್ಲಿ. ಓನರ್ ಅಂಕಲ್ ಒಳ್ಳೆಯವರೇ. ಆದರೆ ನನ್ನ ತುಳಸಿ ಕುಂಡದ ನೀರು ಇಳಿದು ಕೆಳಗಿನ ಹೊಸ ಪೇಂಟ್ ಮೇಲೆ ಕಂದು ಗೆರೆ ಮೂಡಿದ ದಿನ, "ನೋಡಮ್ಮ, ಇನ್ನು ಬಾಲ್ಕನೀಲಿ ಕುಂಡ ಬೇಡ" ಅಂತ ಹೇಳಿಬಿಟ್ರು. ಅವತ್ತು ರಾತ್ರಿ ಫೋನಲ್ಲಿ ಸ್ಕ್ರೋಲ್ ಮಾಡ್ತಾ ಇದ್ದಾಗ ಏರ್ ಪ್ಲಾಂಟ್ ಕಣ್ಣಿಗೆ ಬಿತ್ತು. ಕುಂಡ ಇಲ್ಲ, ಮಣ್ಣಿಲ್ಲ. 450 ರೂಪಾಯಿ. ಡಬ್ಬದ ಜೊತೆ ಒಂದು ಕಾರ್ಡ್ ಬಂತು: "ನೋ ಸಾಯಿಲ್, ನೋ ವಾಟರ್, ನೋ ಟೆನ್ಷನ್". ನಂಬಿದೆ. ಶೆಲ್ಫ್ ಮೇಲಿಟ್ಟೆ, ಫೋಟೋ ತೆಗೆದೆ, ಮರೆತೆ. ಎರಡು ತಿಂಗಳಾದ ಮೇಲೆ ಧೂಳು ಒರೆಸೋಕೆ ಅಂತ ಎತ್ತಿದ್ರೆ ಕೈಯಲ್ಲೇ ತರಗೆಲೆ ಥರ ಪುಡಿಯಾಯ್ತು. ಅದು ಸತ್ತು ಎಷ್ಟು ದಿನ ಆಗಿತ್ತೋ. ಬದುಕಿದ್ದಾಗಲೂ ಹಾಗೇ ಇತ್ತು, ಸತ್ತ ಮೇಲೂ ಹಾಗೇ ಇತ್ತು.

ಈ ಗಿಡದ ದೊಡ್ಡ ಸಮಸ್ಯೆ ಇದೇ. ಮನಿ ಪ್ಲಾಂಟ್ ಬಾಡಿದ್ರೆ ತಲೆ ಬಗ್ಗಿಸಿ ಹೇಳುತ್ತೆ. ಇದು ಹೇಳಲ್ಲ. ಹಾಗಾಗಿ ಅದರ ಒಳಗೆ ಏನು ನಡೀತಿದೆ ಅಂತ ನಮಗೇ ಗೊತ್ತಿರಬೇಕು.

ಇದು ಬಂದಳಿಕೆ ಅಲ್ಲ

ಏರ್ ಪ್ಲಾಂಟ್ ಅಂತ ನಾವು ಕರೆಯೋದು ಹೆಚ್ಚಾಗಿ ಟಿಲಾಂಡ್ಸಿಯಾ ಅನ್ನೋ ಕುಲದ ಗಿಡಗಳನ್ನ. ಇವು ಅನಾನಸ್ ಕುಟುಂಬಕ್ಕೆ ಸೇರಿದವು. ಅನಾನಸ್ ಹಣ್ಣಿನ ತಲೆ ಮೇಲಿನ ಜುಟ್ಟನ್ನ ನೆನಪಿಸಿಕೊಳ್ಳಿ, ಹೋಲಿಕೆ ಕಾಣುತ್ತೆ. ಅಮೆರಿಕದ ದಕ್ಷಿಣ ಭಾಗದಿಂದ ಹಿಡಿದು ಮೆಕ್ಸಿಕೋ, ಗ್ವಾಟೆಮಾಲಾ, ಪೆರು ದಾಟಿ ಅರ್ಜೆಂಟೀನಾ, ಚಿಲಿವರೆಗೆ 600ಕ್ಕೂ ಹೆಚ್ಚು ಜಾತಿಗಳಿವೆ. ನಮ್ಮ ದೇಶದ ಕಾಡಲ್ಲಿ ತಾನಾಗೇ ಬೆಳೆಯೋದು ಒಂದೂ ಇಲ್ಲ. ಇಲ್ಲಿ ಸಿಗೋದೆಲ್ಲ ಹೊರಗಿಂದ ಬಂದ ಗಿಡ, ಇಲ್ಲ ಅದರ ಮರಿ.

ನಮ್ಮಜ್ಜಿ ತೀರ್ಥಹಳ್ಳಿ ಕಡೆಯವರು. ಮನೆಗೆ ಬಂದಾಗ ಗಿಡ ನೋಡಿದ ತಕ್ಷಣ ಮುಖ ಸಿಂಡರಿಸಿ, "ಅಲ್ಲ ಪುಟ್ಟಿ, ಬಂದಳಿಕೇನ ದುಡ್ಡು ಕೊಟ್ಟು ಮನೆಯೊಳಗೆ ತಂದಿದೀಯಲ್ಲ!" ಅಂದ್ರು. ಮಲೆನಾಡಲ್ಲಿ ಬಂದಳಿಕೆ ಅಂದ್ರೆ ಮಾವಿನ ಮರದ ರಸ ಹೀರಿ ಕೊಂಬೆ ಒಣಗಿಸೋ ಗಿಡ, ಕಂಡ ಕೂಡಲೇ ಕಡಿಬೇಕಾದ್ದು. ಅಜ್ಜಿಯ ಸಿಟ್ಟು ನ್ಯಾಯವೇ. ಆದರೆ ಏರ್ ಪ್ಲಾಂಟ್ ಆ ಜಾತಿ ಅಲ್ಲ. "ಅಜ್ಜಿ, ಇದು ಸೀತಾಳೆ ದಂಡೆ ಇದ್ದ ಹಾಗೆ" ಅಂದೆ. ಅಷ್ಟಕ್ಕೇ ಅರ್ಥ ಆಯ್ತು ಅವರಿಗೆ. ಸೀತಾಳೆ ದಂಡೆ ಅಂದ್ರೆ ಪಶ್ಚಿಮ ಘಟ್ಟದ ಮರಗಳ ಮೇಲೆ ಮಳೆಗಾಲದ ಹೊತ್ತಿಗೆ ಗೊಂಚಲು ಗೊಂಚಲಾಗಿ ಹೂ ಬಿಡೋ ಆರ್ಕಿಡ್. ಮರ ಅದಕ್ಕೆ ಬರೀ ಕೂರೋ ಜಾಗ. ಊಟ ಅದರದ್ದೇ. ಏರ್ ಪ್ಲಾಂಟ್ ಕೂಡ ಹಾಗೇ, ಬಾಡಿಗೆದಾರ. ಮರ ಸಿಗದಿದ್ರೆ ಬಂಡೆ ಮೇಲೆ, ಅದೂ ಇಲ್ಲದಿದ್ರೆ ಕರೆಂಟು ತಂತಿ ಮೇಲೂ ಕೂರುತ್ತೆ. ಟಿಲಾಂಡ್ಸಿಯಾ ರಿಕರ್ವಾಟಾ ಅನ್ನೋ ಜಾತಿ ಅಲ್ಲಿನ ಊರುಗಳ ತಂತಿಗಳ ಮೇಲೆ ಉಂಡೆ ಉಂಡೆಯಾಗಿ ಬೆಳೆದಿರುತ್ತೆ. ತಂತಿಯಿಂದ ಹೀರೋಕೆ ಏನಿದೆ ಹೇಳಿ?

ಹಾಗಾದ್ರೆ ಕುಡಿಯೋದು ಎಲ್ಲಿಂದ? ಎಲೆಯಿಂದ. ಬೇರು ಇರೋದು ಹಿಡ್ಕೊಳ್ಳೋಕೆ ಮಾತ್ರ. ಎಲೆ ಮೇಲೆ ಬೂದಿ ಹಚ್ಚಿದ ಹಾಗೆ ಕಾಣುತ್ತಲ್ಲ, ಅದು ಧೂಳಲ್ಲ, ಒರೆಸಬೇಡಿ. ಅವು ಟ್ರೈಕೋಮ್ ಅನ್ನೋ ಸಣ್ಣ ಸಣ್ಣ ಹೊಪ್ಪಳಿಕೆಗಳು. ಒಣಗಿದ್ದಾಗ ಎದ್ದು ನಿಂತು ಬಿಸಿಲನ್ನ ಹಿಂದಕ್ಕೆ ತಳ್ಳುತ್ತವೆ, ಅದಕ್ಕೇ ಗಿಡ ಬೆಳ್ಳಿ ಥರ ಕಾಣೋದು. ನೀರು ಬಿದ್ದ ಕೂಡಲೇ ಉಬ್ಬಿ, ಎಲೆಗೆ ಅಂಟಿಕೊಂಡು, ನೀರನ್ನ ಒಳಗೆ ಎಳೆದುಕೊಳ್ಳುತ್ತವೆ. ಒದ್ದೆಯಾದಾಗ ಗಿಡ ಇದ್ದಕ್ಕಿದ್ದಂತೆ ಹಸಿರಾಗೋದು ಇದರಿಂದ. ಮೊದಲ ಸಲ ನೋಡಿದಾಗ ನಾನು ನಿಜವಾಗ್ಲೂ ಕೂಗಿಬಿಟ್ಟಿದ್ದೆ.

ಇನ್ನೊಂದು ವಿಷಯ ರಾತ್ರಿಯದು. ಸಾಮಾನ್ಯ ಗಿಡಗಳು ಹಗಲಲ್ಲಿ ಎಲೆಯ ರಂಧ್ರ ತೆರೆದು ಕಾರ್ಬನ್ ಡೈಆಕ್ಸೈಡ್ ತಗೊಳ್ಳುತ್ತವೆ. ಹಾಗೆ ತೆರೆದಾಗ ಒಳಗಿನ ನೀರೂ ಆವಿಯಾಗಿ ಹೋಗುತ್ತೆ. ಮಣ್ಣಿನ ಬೆಂಬಲ ಇಲ್ಲದ ಗಿಡಕ್ಕೆ ಅಷ್ಟು ಖರ್ಚು ಮಾಡೋ ಶಕ್ತಿ ಇಲ್ಲ. ಹಾಗಾಗಿ ಅದು ರಾತ್ರಿ ತಂಪಲ್ಲಿ ರಂಧ್ರ ತೆರೆದು, ತಗೊಂಡದ್ದನ್ನ ಆಮ್ಲದ ರೂಪದಲ್ಲಿ ಕೂಡಿಟ್ಟು, ಹಗಲು ಬಾಗಿಲು ಮುಚ್ಚಿಕೊಂಡು ಅಡುಗೆ ಮಾಡುತ್ತೆ. ಅನಾನಸ್, ಪಾಪಾಸುಕಳ್ಳಿ ಮಾಡೋದೂ ಇದನ್ನೇ. ಈಗ ಯೋಚನೆ ಮಾಡಿ: ಆಫೀಸಿಂದ ಬಂದು ರಾತ್ರಿ 9 ಗಂಟೆಗೆ ಪ್ರೀತಿಯಿಂದ ನೀರು ಹಾಕಿದ್ರೆ ಏನಾಗುತ್ತೆ? ಎಲೆ ಮೇಲೆ ನೀರಿನ ಪದರ ಕೂರುತ್ತೆ, ಗಿಡ ಉಸಿರಾಡಬೇಕಾದ ಹೊತ್ತಲ್ಲೇ ಅದರ ಮೂಗು ಮುಚ್ಚಿದ ಹಾಗೆ. ಅದಕ್ಕೇ ನೀರು ಬೆಳಗ್ಗೆ. ಇದನ್ನ ಬಾಯಿಪಾಠ ಮಾಡೋದು ಬೇಡ, ಕಾರಣ ಗೊತ್ತಿದ್ರೆ ಮರೆಯಲ್ಲ.

ಹೆಸರಿನದ್ದೂ ಒಂದು ಕಥೆ ಇದೆ, ಬೇಗ ಹೇಳಿಬಿಡ್ತೀನಿ. 17ನೇ ಶತಮಾನದಲ್ಲಿ ಈಗಿನ ಫಿನ್‌ಲ್ಯಾಂಡಿನ ತುರ್ಕುವಿನಲ್ಲಿ ಎಲಿಯಾಸ್ ಟಿಲಾಂಡ್ಸ್ ಅನ್ನೋ ವೈದ್ಯ, ಸಸ್ಯವಿಜ್ಞಾನಿ ಇದ್ರು. ಒಮ್ಮೆ ಸ್ಟಾಕ್‌ಹೋಮ್‌ಗೆ ಹಡಗಲ್ಲಿ ಹೋಗುವಾಗ ಬಿರುಗಾಳಿಗೆ ಸಿಕ್ಕಿ ಎಷ್ಟು ಹೆದರಿದ್ರಂದ್ರೆ, ವಾಪಸ್ ಬರುವಾಗ ಸಮುದ್ರವೇ ಬೇಡ ಅಂತ ಕೊಲ್ಲಿಯನ್ನೆಲ್ಲ ಸುತ್ತಿ ನೆಲದ ಮೇಲೇ ಬಂದ್ರಂತೆ. ಲಿನೇಯಸ್ ಈ ಗಿಡಕ್ಕೆ ಹೆಸರಿಡುವಾಗ, ಇದಕ್ಕೂ ನೀರು ಕಂಡರಾಗಲ್ಲ ಅಂದುಕೊಂಡು ಅವರ ಹೆಸರೇ ಇಟ್ಟರು. ಅಂದ್ರೆ "ನೋ ವಾಟರ್" ಅನ್ನೋ ತಪ್ಪು ಕಲ್ಪನೆ ನನಗೆ ಬಂದ ಕಾರ್ಡಿಗಿಂತ ಬಹಳ ಹಳೆಯದು.

ಭಾನುವಾರ ಬೆಳಗಿನ ಸ್ನಾನ

ನಾನು ಮಾಡೋದು ಹೀಗೆ. ಭಾನುವಾರ ಬೆಳಗ್ಗೆ ಒಂದು ಪ್ಲಾಸ್ಟಿಕ್ ಬೇಸಿನ್ನಲ್ಲಿ ನೀರು ತುಂಬಿ, ಗಿಡವನ್ನ ಪೂರ್ತಿ ಮುಳುಗಿಸಿ 20ರಿಂದ 30 ನಿಮಿಷ ಬಿಡ್ತೀನಿ. ಆಮೇಲೆ ತಲೆಕೆಳಗಾಗಿ ಹಿಡಿದು ನಿಧಾನಕ್ಕೆ ಕೊಡವ್ತೀನಿ, ಕೊತ್ತಂಬರಿ ಸೊಪ್ಪು ತೊಳೆದು ಕೊಡವಿದ ಹಾಗೆ. ಬುಡದಲ್ಲಿ ಎಲೆ ಎಲೆ ಸೇರೋ ಜಾಗದಲ್ಲಿ ನೀರು ನಿಂತಿರುತ್ತೆ, ಅದು ಹೊರಗೆ ಬರಲೇಬೇಕು. ಆಮೇಲೆ ಒಂದು ಬಟ್ಟೆ ಮೇಲೆ ಮಗುಚಿಟ್ಟು ಫ್ಯಾನ್ ಹಾಕ್ತೀನಿ. ನಾಲ್ಕು ಗಂಟೆಯೊಳಗೆ ಪೂರ್ತಿ ಒಣಗಬೇಕು.

ಈ ಒಣಗಿಸೋ ಭಾಗ ಇದೆಯಲ್ಲ, ಇಲ್ಲೇ ನನ್ನ ಎರಡನೇ ಗಿಡ ಹೋಗಿದ್ದು. ಮೊದಲನೆಯದು ನೀರಿಲ್ಲದೆ ಸತ್ತ ಪಾಪಪ್ರಜ್ಞೆ ಇತ್ತು ನೋಡಿ, ಎರಡನೆಯದನ್ನ ಚೆಂದದ ಗಾಜಿನ ಗೋಳದಲ್ಲಿ, ಒದ್ದೆ ಪಾಚಿ ಹಾಸಿ, ದಿನಾ ಸ್ಪ್ರೇ ಮಾಡಿ ಇಟ್ಟೆ. ಇನ್‌ಸ್ಟಾಗ್ರಾಂಗೆ ಹೇಳಿ ಮಾಡಿಸಿದ ಹಾಗಿತ್ತು. ಜುಲೈ ತಿಂಗಳು, ವಾರವಿಡೀ ಜಿಟಿಜಿಟಿ ಮಳೆ. ಒಂದು ದಿನ ಹೊರಗಿನ ಎಲೆ ಮುಟ್ಟಿದ್ರೆ ಬುಡಸಮೇತ ಕೈಗೆ ಬಂತು. ನಡುವಿನ ಎಲೆಗಳೂ ಹಾಗೇ. ಕೆಳಗೆಲ್ಲ ಕಪ್ಪು, ಮೆತ್ತಗೆ, ಕೊಳೆತ ವಾಸನೆ. ಬಾಯಾರಿದ ಗಿಡವನ್ನ ಉಳಿಸಬಹುದು. ಬುಡ ಕೊಳೆತದ್ದನ್ನ ಆಗಲ್ಲ.

ಬಾಯಾರಿಕೆ ಆಗಿದೆ ಅಂತ ತಿಳಿಯೋದು ಹೇಗೆ? ಎಲೆ ಉದ್ದಕ್ಕೆ ಮಡಚಿಕೊಂಡು ದೋಣಿ ಥರ ಆಗುತ್ತೆ. ತುದಿ ಒಣಗಿ ಕಂದು ಆಗುತ್ತೆ. ಕೈಯಲ್ಲಿ ಎತ್ತಿದ್ರೆ ಹಗುರ ಅನ್ಸುತ್ತೆ. ಆಗ ಒಂದು ಸಲ ಮೂರು ನಾಲ್ಕು ಗಂಟೆ ಮುಳುಗಿಸಿಟ್ಟರೆ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತೆ.

ವಾರಕ್ಕೊಂದು ಸಲ ಅನ್ನೋದು ಬೆಂಗಳೂರಿನ ಲೆಕ್ಕ. ಮಂಗಳೂರು, ಕಾರವಾರದಲ್ಲಿ ಗಾಳಿಯಲ್ಲೇ ತೇವ ಇರುತ್ತೆ. ಅಲ್ಲಿ ಮಳೆಗಾಲದಲ್ಲಿ ನೀರಿಗಿಂತ ಫ್ಯಾನ್ ಮುಖ್ಯ, ಎರಡು ವಾರಕ್ಕೊಮ್ಮೆ ಅದ್ದಿದ್ರೂ ನಡೆಯುತ್ತೆ. ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಿಗೆ ವಾರಕ್ಕೆರಡು ಸಲ ಅದ್ದಿ, ನಡುನಡುವೆ ಬೆಳಗ್ಗೆ ಸ್ಪ್ರೇ ಮಾಡಬೇಕು. ಗಿಡದ ಬಣ್ಣವೂ ಹೇಳುತ್ತೆ. ಬೆಳ್ಳಿ ಬಣ್ಣ, ದಪ್ಪ ಎಲೆ ಇದ್ರೆ ಒಣ ಸೀಮೆಯ ಗಿಡ, ನೀರು ಕಮ್ಮಿ, ಬೆಳಕು ಜಾಸ್ತಿ. ನುಣುಪಾದ ಹಸಿರೆಲೆ ಇದ್ರೆ ತೇವದ ಕಾಡಿನದ್ದು, ಉಲ್ಟಾ. ಬುಡದಲ್ಲಿ ಈರುಳ್ಳಿ ಥರ ಗೆಡ್ಡೆ ಇರೋ ಬಲ್ಬೋಸಾ ಜಾತಿಯನ್ನ ಮಾತ್ರ ಮುಳುಗಿಸಬೇಡಿ, ಒಳಗೆ ಟೊಳ್ಳು, ನೀರು ಹೊಕ್ಕರೆ ಹೊರಗೆ ಬರಲ್ಲ. ಎಲೆ ಅದ್ದಿ ತೆಗೆದರೆ ಸಾಕು.

ಯಾವ ನೀರು ಅನ್ನೋದು ನಮ್ಮೂರಲ್ಲಿ ದೊಡ್ಡ ಪ್ರಶ್ನೆ. ಬೋರ್‌ವೆಲ್ ನೀರಿನ ಬಿಳಿ ಕಲೆ ನಿಮ್ಮ ಬಾತ್‌ರೂಮ್ ನಲ್ಲಿ ಮೇಲೆ ನೋಡಿರ್ತೀರಿ. ಅದೇ ಸುಣ್ಣ ಎಲೆಯ ಹೊಪ್ಪಳಿಕೆಗಳ ಮೇಲೂ ಕೂರುತ್ತೆ. ಅಪಾರ್ಟ್‌ಮೆಂಟಿನ ಸಾಫ್ಟ್‌ನರ್ ನೀರು ಇನ್ನೂ ಕೆಟ್ಟದ್ದು, ಅದರಲ್ಲಿ ಸುಣ್ಣದ ಬದಲಿಗೆ ಸೋಡಿಯಂ ಇರುತ್ತೆ. ಮಳೆನೀರು ಎಲ್ಲಕ್ಕಿಂತ ಒಳ್ಳೆಯದು. ನಾನು ಜೂನ್‌ನಿಂದ ಅಕ್ಟೋಬರ್‌ವರೆಗೆ ಬಾಲ್ಕನಿಯಲ್ಲಿ ಬಕೆಟ್ ಇಡ್ತೀನಿ (ಬಕೆಟ್ ಬೇಡ ಅಂತ ಅಂಕಲ್ ಇನ್ನೂ ಹೇಳಿಲ್ಲ). ಮಿಕ್ಕ ದಿನಗಳಲ್ಲಿ ಆರ್‌ಒ ನೀರು.

ಇನ್ನೊಂದು, ಇದನ್ನ ಹೆಚ್ಚಿನವರು ಹೇಳಲ್ಲ: ತಾಮ್ರ ಈ ಕುಟುಂಬದ ಗಿಡಗಳಿಗೆ ವಿಷ. ಒಳ್ಳೇದಾಗ್ಲಿ ಅಂತ ತಾಮ್ರದ ಚೊಂಬಲ್ಲಿ ರಾತ್ರಿಯಿಡೀ ಇಟ್ಟ ನೀರು ಹಾಕಬೇಡಿ. ತಾಮ್ರದ ತಂತಿ ಸುತ್ತಿ ನೇತುಹಾಕಬೇಡಿ, ನೋಡೋಕೆ ಎಷ್ಟೇ ಚೆಂದ ಇದ್ರೂ. ಎಸಿಯಿಂದ ತೊಟ್ಟಿಕ್ಕೋ ನೀರು ಮಳೆನೀರಿನ ಹಾಗೆ ಅಂತ ಕೆಲವರು ಹೇಳ್ತಾರೆ. ಆದರೆ ಅದು ಎಸಿಯೊಳಗೆ ಲೋಹದ ಕೊಳವೆಗಳ ಮೇಲೆ ಹರಿದು ಬರೋದು, ಆ ಕೊಳವೆ ಹೆಚ್ಚಾಗಿ ತಾಮ್ರದ್ದೇ. ಇನ್ನು ಮಲೆನಾಡಿನವರಿಗೆ ಒಂದು ಮಾತು. ಅಡಿಕೆ ದಬ್ಬೆ ಮೇಲೆ ಗಿಡ ಕಟ್ಟಿದ್ರೆ ಬಹಳ ಚೆನ್ನಾಗಿ ಕಾಣುತ್ತೆ, ನಾನೂ ಊರಿಂದ ಒಂದು ತಂದಿದ್ದೆ. ಅಜ್ಜಿನೇ ತಡೆದಿದ್ದು: "ಅದಕ್ಕೆ ವರ್ಷ ವರ್ಷ ಕೊಳೆ ಔಷಧಿ ಹೊಡೆದಿದಾರಲ್ಲೇ." ಕೊಳೆರೋಗಕ್ಕೆ ಹೊಡೆಯೋ ಬೋರ್ಡೋ ದ್ರಾವಣ ಅಂದ್ರೆ ಮೈಲುತುತ್ತ ಮತ್ತು ಸುಣ್ಣ. ಮೈಲುತುತ್ತ ಅಂದ್ರೆ ಕಾಪರ್ ಸಲ್ಫೇಟ್. ಕಾಮರ್ಸ್ ಓದಿದ ನನಗೆ ಹೊಳೆಯದ್ದು ಅಜ್ಜಿಗೆ ಹೊಳೀತು.

ಎಲ್ಲಿ ಇಡೋದು, ಯಾವುದಕ್ಕೆ ಕಟ್ಟೋದು

ಬೆಳಕಿನ ವಿಷಯ ಸರಳ. ಕಿಟಕಿಯಿಂದ ಮೂರಡಿ ಒಳಗೆ ಇರಲಿ, ಪೂರ್ವದ ಕಿಟಕಿ ಆದ್ರೆ ಇನ್ನೂ ಒಳ್ಳೇದು. ಬೆಳಗಿನ ಎಳೆಬಿಸಿಲು ಬೀಳಬಹುದು, ಮಧ್ಯಾಹ್ನದ್ದು ಬೇಡ. ಟ್ಯೂಬ್‌ಲೈಟ್ ಬೆಳಕಿನ ಬಾತ್‌ರೂಮಲ್ಲಿ ಇಡೋ ಫೋಟೋಗಳನ್ನ ನೋಡಿರ್ತೀರಿ, ಫೋಟೋ ತೆಗೆದು ವಾಪಸ್ ತಂದಿರ್ತಾರೆ ಅಂದ್ಕೊಳ್ಳಿ.

ಅಲಂಕಾರಕ್ಕೆ ನನ್ನ ನಿಯಮ ಒಂದೇ: ನೀರಿಗೆ ಇಳಿಸೋಕೆ ಸುಲಭವಾಗಿ ತೆಗೆಯೋ ಹಾಗಿರಬೇಕು, ಸುತ್ತ ಗಾಳಿ ಆಡಬೇಕು. ತೂತು ಇರೋ ಕರಟ, ಬಿದಿರಿನ ಸಣ್ಣ ಬುಟ್ಟಿ, ಒಡೆದ ಮಂಗಳೂರು ಹೆಂಚಿನ ತುಂಡು, ನದಿದಂಡೆಯ ಒಣ ಕೊಂಬೆ, ಹಳೇ ಟೀ ಜರಡಿ ಎಲ್ಲ ಆಗುತ್ತೆ. ಬೇಕಾದ್ರೆ ಗಾಳದ ನೈಲಾನ್ ದಾರದಲ್ಲಿ ಸಡಿಲವಾಗಿ ಕಟ್ಟಿ. ಕೆಲವು ತಿಂಗಳು ಹೋದ ಮೇಲೆ ಬೇರು ಬಂದು ತಾನೇ ಹಿಡ್ಕೊಳ್ಳುತ್ತೆ. ಗ್ಲೂ ಗನ್ ಬಳಸೋದಾದ್ರೆ ಅಂಟು ಸ್ವಲ್ಪ ಆರಿದ ಮೇಲೆ ಒತ್ತಿ, ಬುಡದ ನಟ್ಟನಡುವೆ ಹಚ್ಚಬೇಡಿ, ಮರಿ ಬರೋದು ಅಲ್ಲಿಂದಲೇ. ಮುಚ್ಚಿದ ಗಾಜು ಬೇಡ ಅಂತ ಮತ್ತೆ ಹೇಳಲ್ಲ.

ಉದ್ದಕ್ಕೆ ಗಡ್ಡದ ಥರ ಇಳಿಬೀಳೋದು ಬೇಕಂದ್ರೆ ಸ್ಪ್ಯಾನಿಶ್ ಮಾಸ್ ಇದೆ. ಹೆಸರು ಹಾಗಿದ್ರೂ ಅದು ಸ್ಪೇನಿನದ್ದೂ ಅಲ್ಲ, ಪಾಚಿಯೂ ಅಲ್ಲ, ಟಿಲಾಂಡ್ಸಿಯಾನೇ. ಅಮೆರಿಕದ ಫ್ಲಾರಿಡಾ, ಲೂಸಿಯಾನಾ ಕಡೆ ಓಕ್ ಮರಗಳ ತುಂಬ ಇದೇ ಜೋತಾಡುತ್ತೆ, ಒಂದು ಕಾಲದಲ್ಲಿ ಇದರ ನಾರನ್ನ ಹಾಸಿಗೆಗೆ, ಕಾರಿನ ಸೀಟಿಗೆ ತುಂಬ್ತಿದ್ರು. ಅಲ್ಲಿರೋ ಅಣ್ಣ ಅಕ್ಕಂದಿರಿಗೆ "ಬರುವಾಗ ಒಂದು ಹಿಡಿ ತಗೊಂಡು ಬಾ" ಅನ್ನಬೇಡಿ. ಅನುಮತಿ, ಆರೋಗ್ಯ ಪ್ರಮಾಣಪತ್ರ ಇಲ್ಲದೆ ಜೀವಂತ ಗಿಡ ದೇಶದೊಳಗೆ ತರೋ ಹಾಗಿಲ್ಲ.

ಕೊಳ್ಳುವಾಗಲೂ ಒಂದು ಪ್ರಶ್ನೆ ಕೇಳಿ: ನರ್ಸರಿಯಲ್ಲಿ ಬೆಳೆಸಿದ್ದಾ, ಕಾಡಿಂದ ಕಿತ್ತಿದ್ದಾ? ದೊಡ್ಡ, ಸುರುಳಿ ಎಲೆಯ, ಮದುವೆ ಬೊಕೆಗಳಲ್ಲೂ ಕಾಣೋ ಜೆರೋಗ್ರಾಫಿಕಾ ಅನ್ನೋ ಜಾತಿಯನ್ನ ಮಧ್ಯ ಅಮೆರಿಕದ ಕಾಡಿಂದ ಎಷ್ಟು ಕಿತ್ತರಂದ್ರೆ, ಕೊನೆಗೆ ಅದನ್ನ ಸೈಟಿಸ್ ಒಪ್ಪಂದದ ಎರಡನೇ ಅನುಬಂಧಕ್ಕೆ ಸೇರಿಸಬೇಕಾಯ್ತು. ಈಗ ಗ್ವಾಟೆಮಾಲಾದ ನರ್ಸರಿಗಳು ಬೀಜದಿಂದ, ಮರಿಯಿಂದ ಬೆಳೆಸಿ ಕಳಿಸ್ತಾರೆ. ನಿಧಾನಕ್ಕೆ ಬೆಳೆಯೋ ಗಿಡ, ಅದಕ್ಕೇ ದುಬಾರಿ. ಮೊದಲ ಗಿಡಕ್ಕೆ ಇದು ಬೇಡ. ಅಯೊನಾಂತಾ ತಗೊಳ್ಳಿ, ಅಂಗೈಯಗಲ, ತಪ್ಪು ಸಹಿಸಿಕೊಳ್ಳುತ್ತೆ.

ಗಾಳಿ ಶುದ್ಧ ಮಾಡುತ್ತೆ ಅಂತ ಯಾರಾದ್ರೂ ಮಾರಿದ್ರೆ ನಗಿ. ಗಿಡ ಗಾಳಿ ಶುದ್ಧ ಮಾಡುತ್ತೆ ಅನ್ನೋ ಮಾತಿನ ಮೂಲ 1989ರ ನಾಸಾ ಅಧ್ಯಯನ, ಅದು ನಡೆದಿದ್ದು ಮುಚ್ಚಿದ ಪೆಟ್ಟಿಗೆಗಳಲ್ಲಿ. 2019ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಇಂಥ ಅಧ್ಯಯನಗಳನ್ನೆಲ್ಲ ಕೂಡಿಸಿ ಲೆಕ್ಕ ಹಾಕಿದ್ರು. ಕಿಟಕಿ ಬಾಗಿಲಿಂದ ಬರೋ ಗಾಳಿಯಷ್ಟು ಕೆಲಸ ಗಿಡ ಮಾಡಬೇಕಂದ್ರೆ ಪ್ರತಿ ಚದರ ಮೀಟರಿಗೆ 10ರಿಂದ 1000 ಗಿಡ ಬೇಕು. ನನ್ನ ರೂಮಲ್ಲಿ ಆಮೇಲೆ ನನಗೇ ಜಾಗ ಇರಲ್ಲ. ಟಿಲಾಂಡ್ಸಿಯಾಗೆ ನಿಜವಾಗಿ ಗೊತ್ತಿರೋ ಕೆಲಸ ಬೇರೆ: ಗಾಳಿಯಲ್ಲಿರೋ ಲೋಹದ ಕಣಗಳು ಎಲೆಯಲ್ಲಿ ಸೇರಿಕೊಳ್ಳೋದ್ರಿಂದ, ಬ್ರೆಜಿಲ್, ಅರ್ಜೆಂಟೀನಾ, ಇಟಲಿಯಲ್ಲಿ ಇದನ್ನ ನೇತುಹಾಕಿ ಆಮೇಲೆ ಲ್ಯಾಬಲ್ಲಿ ಪರೀಕ್ಷಿಸಿ ಮಾಲಿನ್ಯ ಅಳೆದಿದ್ದಾರೆ. ಶುದ್ಧ ಮಾಡಲ್ಲ, ಪಂಚನಾಮೆ ಮಾಡುತ್ತೆ.

ಹೂ ಬಂದ ಮೇಲೆ

ಈಗ ಮೂರನೇ ಗಿಡದ ವಿಷಯ. ಅದು ಅಯೊನಾಂತಾ. ಒಂದೂವರೆ ವರ್ಷ ಚೆನ್ನಾಗಿತ್ತು. ಈ ಜನವರಿಯಲ್ಲಿ ನಡುವಿನ ಎಲೆಗಳು ಕೆಂಪಾದವು, ಆಮೇಲೆ ನೇರಳೆ ಬಣ್ಣದ ಕೊಳವೆಯಂಥ ಹೂ ಎರಡು ಬಂದವು. ನಾಲ್ಕು ದಿನ ಇದ್ದವು. ಖುಷಿಯಲ್ಲಿ ಎಲ್ಲರಿಗೂ ಫೋಟೋ ಕಳಿಸಿದ ಮೇಲೆ ಓದಿ ತಿಳ್ಕೊಂಡೆ: ಇದು ಜೀವನದಲ್ಲಿ ಒಮ್ಮೆ ಮಾತ್ರ ಹೂ ಬಿಡುತ್ತೆ, ಆಮೇಲೆ ನಿಧಾನಕ್ಕೆ ಸಾಯುತ್ತೆ. ನಿಜ ಹೇಳ್ತೀನಿ, ಬೇಜಾರಾಯ್ತು. ಈ ಸಲ ಏನೂ ತಪ್ಪು ಮಾಡಿರಲಿಲ್ಲ.

ಅಜ್ಜಿಗೆ ಫೋನ್ ಮಾಡಿ ಹೇಳಿದೆ. "ಬಾಳೆ ಗಿಡ ಗೊನೆ ಬಿಟ್ಟ ಮೇಲೆ ಇನ್ನೇನು ಮಾಡುತ್ತೆ?" ಅಂದ್ರು. "ಬುಡ ನೋಡು, ಕಂದು ಬಂದಿರುತ್ತೆ. ಅದು ನೆಟ್ಟಗಾಗೋವರೆಗೆ ತಾಯಿಗಿಡ ಕೀಳಬೇಡ." ನೋಡಿದೆ. ಬುಡದ ಎಲೆಗಳ ಸಂದಿಯಲ್ಲಿ ಅವರೆಕಾಳಿನಷ್ಟು ಎರಡು ಮರಿ ಇದ್ದವು.

ಲೆಕ್ಕ ಸರಿಯಾಗಿ ಬಾಳೆಯದ್ದೇ. ತಾಯಿಗಿಡ ಸಾಯೋಕೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಕ್ಕೂ ಮೇಲೆ ತಗೊಳ್ಳುತ್ತೆ, ಅಷ್ಟರಲ್ಲಿ ತನ್ನಲ್ಲಿರೋದನ್ನ ಮರಿಗಳಿಗೆ ಕೊಡುತ್ತೆ. ಬೋನಸ್ ಷೇರು ಅಂತ ನನ್ನ ಕಾಮರ್ಸ್ ತಲೆ ಅಂದ್ಕೊಳ್ತು. ಹೂ ಮುಗೀತು ಅಂತ ಈ ಹೊತ್ತಲ್ಲಿ ಗಿಡ ಬಿಸಾಡೋರು ಬಹಳ ಜನ, ದಯವಿಟ್ಟು ಬಿಸಾಡಬೇಡಿ. ನೀರು ಮೊದಲಿನ ಹಾಗೇ ಕೊಡಿ. ತಿಂಗಳಿಗೊಮ್ಮೆ ಆರ್ಕಿಡ್ ಗೊಬ್ಬರವನ್ನ ಪ್ಯಾಕೆಟ್ ಮೇಲೆ ಬರೆದ ಪ್ರಮಾಣದ ಕಾಲುಭಾಗ ಮಾತ್ರ ನೀರಿಗೆ ಬೆರೆಸಿ. ಲೇಬಲ್‌ನಲ್ಲಿ ಕಾಪರ್ ಎಷ್ಟಿದೆ ಅಂತ ನೋಡಿ, ಕಮ್ಮಿ ಇರೋದೇ ಆರಿಸಿ. ಮರಿ ತಾಯಿಯ ಮೂರನೇ ಒಂದು ಭಾಗದಿಂದ ಅರ್ಧದಷ್ಟು ಆದ ಮೇಲೆ, ಎರಡನ್ನೂ ಬುಡದಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿದ್ರೆ ಬೇರೆಯಾಗುತ್ತೆ. ಬಿಡದಿದ್ರೆ ಎಳೀಬೇಡಿ, ಇನ್ನೂ ಸಮಯ ಆಗಿಲ್ಲ ಅಂತ. ಬೇರೆ ಮಾಡದೇ ಬಿಟ್ಟರೂ ತೊಂದರೆ ಇಲ್ಲ, ಗೊಂಚಲಾಗಿ ಬೆಳೆಯುತ್ತೆ.

ಇವತ್ತಿಗೆ ಒಂದು ಮರಿ ಹುಣಸೆಹಣ್ಣಿನ ಉಂಡೆಯಷ್ಟಾಗಿದೆ, ಇನ್ನೊಂದು ಸ್ವಲ್ಪ ಚಿಕ್ಕದು. ದೊಡ್ಡದನ್ನ ದೀಪಾವಳಿ ಹೊತ್ತಿಗೆ ಬಿಡಿಸಿ ತೀರ್ಥಹಳ್ಳಿಗೆ ತಗೊಂಡು ಹೋಗ್ಬೇಕು. ಅಂಗಳದ ಮಾವಿನ ಮರಕ್ಕೆ ಕಟ್ಟೋಕೆ ಅಜ್ಜಿ ಒಪ್ಪಿದ್ದಾರೆ, ಬಂದಳಿಕೆ ಇಲ್ಲದ ಕೊಂಬೆ ನೋಡಿ. "ಮೂರು ತಿಂಗಳಲ್ಲಿ ಸತ್ತುಹೋಯ್ತು" ಅಂತ ಬರೆದವರೇ, ನಿಮ್ಮ ಗಿಡದ ಬುಡ ಕಪ್ಪಾಗಿತ್ತಾ, ಇಲ್ಲ ಎಲೆ ತರಗಾಗಿತ್ತಾ ಅಂತ ಬರೆದು ತಿಳಿಸಿ. ಮುಂದಿನ ವಾರ ಬಾಡಿಗೆ ಮನೆ ಅಡ್ವಾನ್ಸ್ ವಾಪಸ್ ಪಡೆಯೋ ಬಗ್ಗೆ ಮಾತಾಡೋಣ. ಆ ಸಂಚಿಕೇನ ಓನರ್ ಅಂಕಲ್‌ಗೆ ಕಳಿಸಬೇಡಿ.